ಮೆಲಟೋನಿನ್ 2 ಎಂಜಿ, ನಿಧಾನವಾಗಿ ಕರಗುವ ಮಾತ್ರೆ: ಫಾರ್ಮಸಿಸ್ಟ್ ಒಬ್ಬಳ ವಿಮರ್ಶೆ

ಇದು 2 ಮಿಲಿಗ್ರಾಂ ಮೆಲಟೋನಿನ್ ಇರುವ, ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಮಾತ್ರೆಯ ವಿಮರ್ಶೆ. ಮೆಲಟೋನಿನ್ ಎಂದರೆ ರಾತ್ರಿಯಾಯಿತೆಂದು ತಿಳಿಸಲು ನಮ್ಮ ಮೈ ತಾನೇ ಮಾಡುವ ಹಾರ್ಮೋನ್, ನಿದ್ದೆ ಕೆಟ್ಟವರಿಗೆ ಅದನ್ನೇ ಮಾತ್ರೆಯಾಗಿಯೂ ಕೊಡುತ್ತಾರೆ. ಜೊತೆಗೆ ಹೋಲಿಕೆಗಾಗಿ ಇನ್ನೆರಡನ್ನು ಇಟ್ಟುಕೊಂಡಿದ್ದೇನೆ: ನುಂಗಿದ ಕೂಡಲೇ ಕರಗುವ 3 ಎಂಜಿ ಸಾದಾ ಮಾತ್ರೆ, ಮತ್ತು ಚಾಕೊಲೇಟ್ ತರಹ ಅಗಿದು ತಿನ್ನುವ ಗಮ್ಮಿ. ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ಔಷಧ ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ, ನಾನು ಹೇಳಬೇಕಾಗಿರುವುದು ಹೆಸರಿನ ಮೇಲೆ ನಿಂತಿಲ್ಲ. ನಾನು ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು. ಹಗಲು ಪಾಳಿ, ರಾತ್ರಿ ಪಾಳಿ ಎರಡೂ ಇದೆ. ಮನೆಯಲ್ಲಿ ಮಾವನವರು ಡಾಕ್ಟರ್ ಬರೆದುಕೊಟ್ಟು ಈ ಮಾತ್ರೆ ತೆಗೆದುಕೊಳ್ಳುತ್ತಾರೆ, ಪಾಳಿ ಬದಲಾದಾಗ ನಾನೂ ಮೆಲಟೋನಿನ್ ತೆಗೆದುಕೊಳ್ಳುತ್ತೇನೆ. ಹಾಗಾಗಿ ಕೌಂಟರಿನ ಎರಡೂ ಬದಿಯಿಂದ ಇದನ್ನು ನೋಡಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಐವತ್ತೈದು ದಾಟಿದವರಿಗೆ, ನಿದ್ದೆಯ ಗುಣಮಟ್ಟವೇ ಕೆಟ್ಟಿದೆ, ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ ಎನ್ನುವವರಿಗೆ, ಈ ಮೂರರಲ್ಲಿ ನಿಧಾನವಾಗಿ ಕರಗುವ ಮಾತ್ರೆಯೇ ಸರಿಯಾದ ಆಯ್ಕೆ. ಮಾತ್ರೆಯನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ, ಆದರೆ ಅದರ ಜೊತೆಗಿರುವ ಚೀಟಿಯನ್ನು ಹಾಗೆ ಮಾಡಿಲ್ಲ. ಮೆಲಟೋನಿನ್ ಮೈಯೊಳಗೆ ಹೇಗೆ ಒಡೆದುಹೋಗುತ್ತದೆ, ಎಲ್ಲಿ ಹೋಗಿ ಕೂತು ಕೆಲಸ ಮಾಡುತ್ತದೆ ಎನ್ನುವುದನ್ನು ಅರ್ಥಮಾಡಿಕೊಳ್ಳದೆ ನುಂಗಿದರೆ ಈ ಮಾತ್ರೆಯ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ಈ ಮಾತನ್ನು ನಾನು ಕೌಂಟರಿನಲ್ಲಿ ದಿನಾ ಹೇಳುತ್ತೇನೆ. ಅಲ್ಲಿ ಸಿಗುವುದು ಅರ್ಧ ನಿಮಿಷ, ಹಿಂದೆ ಸಾಲು ನಿಂತಿರುತ್ತದೆ. ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ಮಾತ್ರೆ. ದುಂಡಗೆ, ಬೆಳ್ಳಗೆ, ಎರಡೂ ಬದಿ ಸ್ವಲ್ಪ ಉಬ್ಬಿಕೊಂಡಿದೆ. ಮಧ್ಯದಲ್ಲಿ ಮುರಿಯುವ ಗೆರೆ ಇಲ್ಲ. ಬೇಕೆಂದೇ ಇಟ್ಟಿಲ್ಲ. ಎರಡು ಲೋಟ ನೀರಿನಲ್ಲಿ ಸಾದಾ ಮಾತ್ರೆಯೊಂದು, ನಿಧಾನದ್ದೊಂದು ಹಾಕಿ ನೋಡಿದೆ. ಸಾದಾ ಮಾತ್ರೆ ಸ್ವಲ್ಪ ಹೊತ್ತಿನಲ್ಲೇ ಬಿರಿದು ತಳದಲ್ಲಿ ಪುಡಿಯಾಗಿ ಕೂತಿತು, ಲೋಟ ಅಲ್ಲಾಡಿಸಿದರೆ ನೀರೆಲ್ಲ ಬೆಳ್ಳಗಾಯಿತು. ನಿಧಾನದ್ದು ಮಾತ್ರ ಅಂಚು ಸ್ವಲ್ಪ ಸಡಿಲವಾದರೂ ದುಂಡಗೆ ಹಾಗೇ ಉಳಿದಿತ್ತು. ಇಂಥ ಮಾತ್ರೆಗಳಲ್ಲಿ ಔಷಧವನ್ನು ಒಂದು ಪಾಲಿಮರ್ ಹಂದರದೊಳಗೆ ಹಿಡಿದಿಟ್ಟಿರುತ್ತಾರೆ, ನೀರು ಒಳಗೆ ಇಳಿದಷ್ಟೇ ಔಷಧ ಹೊರಗೆ ಬರುತ್ತದೆ. ಇದನ್ನು ಮುರಿದರೆ, ಅಗಿದರೆ, ಪುಡಿ ಮಾಡಿದರೆ ಹಂದರ ಒಡೆದು ಎಲ್ಲವೂ ಒಟ್ಟಿಗೇ ಹೊರಬರುತ್ತದೆ. ಆಮೇಲೆ ಅದಕ್ಕೂ ಸಾದಾ ಮಾತ್ರೆಗೂ ವ್ಯತ್ಯಾಸ ಉಳಿಯುವುದಿಲ್ಲ. "ದೊಡ್ಡದು ಅನ್ನಿಸಿತು, ಎರಡು ತುಂಡು ಮಾಡಿ ನುಂಗಿದೆ" ಎನ್ನುವ ಹಿರಿಯರು ಬಹಳ ಮಂದಿ. ದಯವಿಟ್ಟು ಬೇಡ.

ಯಾಕೆ ಇಷ್ಟೆಲ್ಲ ಜೋಪಾನ ಎಂದು ಕೇಳಿದರೆ, ಉತ್ತರ ಲಿವರಿನಲ್ಲಿದೆ.

ಬಾಯಿಂದ ನುಂಗಿದ ಮೆಲಟೋನಿನ್ನನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ, ಅಲ್ಲಿ ತೊಂದರೆಯಿಲ್ಲ. ಆದರೆ ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರಿನ ಮೂಲಕ ಹಾದುಹೋಗಬೇಕು. ಆ ಮೊದಲ ಸುತ್ತಿನಲ್ಲೇ ಬಹುಪಾಲು ಮೆಲಟೋನಿನ್ ಮುಗಿದುಹೋಗುತ್ತದೆ. ಮೈಯ ಉಳಿದ ಭಾಗಕ್ಕೆ ತಲುಪುವುದು ಸುಮಾರು ಶೇಕಡಾ 15 ಮಾತ್ರ. ಅದೂ ಒಬ್ಬರಿಂದೊಬ್ಬರಿಗೆ ವಿಪರೀತ ಬದಲಾಗುತ್ತದೆ. ಎರಡು ಮಿಲಿಗ್ರಾಂ ನುಂಗಿದರೆ ರಕ್ತಕ್ಕೆ ಸಿಗುವುದು ಸರಿಸುಮಾರು 0.3 ಮಿಲಿಗ್ರಾಂ ಎಂದು ಇಟ್ಟುಕೊಳ್ಳಿ.

ಲಿವರಿನಲ್ಲಿ ಈ ಕೆಲಸ ಮಾಡುವ ಕಿಣ್ವದ ಹೆಸರು ಸಿವೈಪಿ1ಎ2. ಫಾರ್ಮಸಿ ಓದುವಾಗ ಬಾಯಿಪಾಠ ಮಾಡಿದ ಹೆಸರುಗಳಲ್ಲಿ ಇವತ್ತಿಗೂ ನನಗೆ ಕೆಲಸಕ್ಕೆ ಬರುವ ಹೆಸರು ಇದು. ಇದು ಮೆಲಟೋನಿನ್ ಕಣಕ್ಕೆ ಒಂದು ಹೈಡ್ರಾಕ್ಸಿ ಗುಂಪನ್ನು ಜೋಡಿಸಿ 6-ಹೈಡ್ರಾಕ್ಸಿಮೆಲಟೋನಿನ್ ಮಾಡುತ್ತದೆ. ಅದರ ಮೇಲೆ ಇನ್ನೊಂದು ಕಿಣ್ವ ಬಂದು ಸಲ್ಫೇಟ್ ಅಂಟಿಸುತ್ತದೆ, ಸ್ವಲ್ಪ ಭಾಗಕ್ಕೆ ಗ್ಲುಕುರೋನೈಡ್ ಸೇರುತ್ತದೆ. ಸಲ್ಫೇಟ್ ಸೇರಿದ ಮೇಲೆ ಅದು ನೀರಿನಲ್ಲಿ ಚೆನ್ನಾಗಿ ಕರಗುವ ವಸ್ತು, ಕಿಡ್ನಿ ಅದನ್ನು ಸುಲಭವಾಗಿ ಮೂತ್ರಕ್ಕೆ ಹಾಕುತ್ತದೆ. ಮೂತ್ರದಲ್ಲಿ ಹೊರಹೋಗುವ ಮೆಲಟೋನಿನ್ ತ್ಯಾಜ್ಯದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಈ 6-ಸಲ್ಫಟಾಕ್ಸಿಮೆಲಟೋನಿನ್. ಹಾಗೇ ಮೆಲಟೋನಿನ್ ರೂಪದಲ್ಲೇ ಹೊರಗೆ ಬರುವುದು ಅತ್ಯಲ್ಪ. ಸಂಶೋಧಕರಿಗೆ ಇದೊಂದು ದೊಡ್ಡ ಅನುಕೂಲ: ರಾತ್ರಿಯಿಡೀ ಸೂಜಿ ಚುಚ್ಚಿ ರಕ್ತ ತೆಗೆಯುವ ಬದಲು ಬೆಳಗಿನ ಮೊದಲ ಮೂತ್ರದಲ್ಲಿ ಈ ವಸ್ತುವನ್ನು ಅಳೆದರೆ, ಆ ರಾತ್ರಿ ಮೈ ಎಷ್ಟು ಮೆಲಟೋನಿನ್ ಮಾಡಿತ್ತು ಎಂದು ಅಂದಾಜು ಸಿಗುತ್ತದೆ. ಮಿದುಳಿನಂಥ ಕೆಲವು ಕಡೆ ಮೆಲಟೋನಿನ್ ಒಡೆಯಲು ಬೇರೆ ದಾರಿಯೂ ಇದೆ. ಅಲ್ಲಿ ಅದರ ಕಣದಲ್ಲಿರುವ ಇಂಡೋಲ್ ಎಂಬ ಉಂಗುರವೇ ತೆರೆದುಕೊಂಡು ಕೈನ್ಯುರಮೈನ್ ಜಾತಿಯ ವಸ್ತುಗಳಾಗುತ್ತವೆ. ಆದರೆ ಮಾತ್ರೆ ನುಂಗುವವರಿಗೆ ಲೆಕ್ಕಕ್ಕೆ ಬರುವುದು ಲಿವರಿನ ದಾರಿಯೇ.

ಈ ದಾರಿ ಎಷ್ಟು ವೇಗದ್ದೆಂದರೆ, ರಕ್ತದಲ್ಲಿರುವ ಮೆಲಟೋನಿನ್ ಅರ್ಧಕ್ಕೆ ಇಳಿಯಲು ಮುಕ್ಕಾಲು ಗಂಟೆಯ ಆಸುಪಾಸು ಸಾಕು. ಲೆಕ್ಕ ಹಾಕಿ ನೋಡಿ. ಸಾದಾ ಮಾತ್ರೆ ನುಂಗಿದವರಿಗೆ ಮುಕ್ಕಾಲು ಗಂಟೆಯಲ್ಲಿ ರಕ್ತದ ಮಟ್ಟ ತುದಿ ಮುಟ್ಟುತ್ತದೆ. ಅಲ್ಲಿಂದ ಮೂರು ಗಂಟೆ ಕಳೆಯುವಷ್ಟರಲ್ಲಿ ಹದಿನಾರನೇ ಒಂದು ಭಾಗ ಉಳಿದಿರುತ್ತದೆ. ಹತ್ತು ಗಂಟೆಗೆ ನುಂಗಿ ಮಲಗಿದವರು ಮೂರು ಗಂಟೆಗೆ ಎದ್ದು ಕೂತರೆ, ಆ ಹೊತ್ತಿಗೆ ಮಾತ್ರೆ ಹೆಚ್ಚುಕಡಿಮೆ ಮುಗಿದಿದೆ. ಮಾವನವರ ಕತೆ ಇದೇ ಆಗಿತ್ತು. ಮೊದಲು ಸಾದಾ ಮಾತ್ರೆ ಕೊಟ್ಟಿದ್ದರು. "ನಿದ್ದೆ ಬರೋದು ಬರುತ್ತಮ್ಮ, ನಿಲ್ಲೋದಿಲ್ಲ" ಅನ್ನುತ್ತಿದ್ದರು. ಡಾಕ್ಟರ್ ನಿಧಾನದ ಮಾತ್ರೆಗೆ ಬದಲಿಸಿದ ಮೇಲೆ ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಕೆಲವು ವಾರಗಳಲ್ಲಿ ರಾತ್ರಿ ದೀಪ ಹಾಕಿಕೊಂಡು ಪೇಪರ್ ಓದುತ್ತಾ ಕೂರುವುದು ಕಡಿಮೆಯಾಯಿತು, ಬೆಳಿಗ್ಗೆ ಮಂಪರು ಇರಲಿಲ್ಲ. ಮಂಪರು ಇಲ್ಲದಿರುವುದೇ ಅವರಿಗೆ ಹೆಚ್ಚು ಹಿಡಿಸಿದ್ದು.

ನಿಧಾನದ ಮಾತ್ರೆಯ ಅಂಕಿ ನೋಡಿದರೆ ಇದು ಅರ್ಥವಾಗುತ್ತದೆ. ಊಟದ ನಂತರ ತೆಗೆದುಕೊಂಡರೆ ರಕ್ತದ ಮಟ್ಟ ತುದಿಗೆ ಹೋಗಲು ಸುಮಾರು ಮೂರು ಗಂಟೆ ಬೇಕು. ಅರ್ಧಕ್ಕೆ ಇಳಿಯುವ ಕಾಲ ಮೂರೂವರೆಯಿಂದ ನಾಲ್ಕು ಗಂಟೆ. ಲಿವರ್ ನಿಧಾನವಾಯಿತು ಎಂದಲ್ಲ, ಅದು ಅದೇ ವೇಗದಲ್ಲಿ ಒಡೆಯುತ್ತಲೇ ಇರುತ್ತದೆ. ಮಾತ್ರೆ ಹಿಂದಿನಿಂದ ತುಂಬುತ್ತಾ ಇರುತ್ತದೆ ಅಷ್ಟೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಇದೇ ಮಾತ್ರೆ ಮುಕ್ಕಾಲು ಗಂಟೆಯಲ್ಲೇ ತುದಿ ಮುಟ್ಟುತ್ತದೆ, ತುದಿಯೂ ಸ್ವಲ್ಪ ಎತ್ತರ. ಚೀಟಿಯಲ್ಲಿ "ಊಟದ ನಂತರ, ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು" ಎಂದು ಬರೆದಿರುವುದು ಇದಕ್ಕೇ. ಇಷ್ಟು ಮುಖ್ಯವಾದ ಮಾತು ಮಡಿಸಿದ ಚೀಟಿಯ ಎರಡನೇ ಮಗ್ಗುಲಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣಕ್ಷರದಲ್ಲಿದೆ. ಐವತ್ತೈದು ದಾಟಿದವರಿಗೆಂದೇ ಮಾಡಿದ ಮಾತ್ರೆ ಇದು. ಆ ವಾಕ್ಯ ಡಬ್ಬಿಯ ಮುಖದ ಮೇಲೆ ಇರಬೇಕಿತ್ತು. ನನ್ನ ಮೊದಲ ದೂರು ಇದು, ಬಲವಾದ ದೂರೂ ಹೌದು.

ಸಿವೈಪಿ1ಎ2 ಬಗ್ಗೆ ಇನ್ನೂ ಹೇಳಬೇಕು, ಯಾಕೆಂದರೆ ಕೌಂಟರಿನಲ್ಲಿ ನಾನು ಅತಿ ಹೆಚ್ಚು ಎಚ್ಚರದಿಂದಿರುವುದು ಇಲ್ಲಿ. ಈ ಕಿಣ್ವ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ, ಒಬ್ಬರಲ್ಲೇ ಕಾಲಕಾಲಕ್ಕೆ ಏರುತ್ತದೆ, ಇಳಿಯುತ್ತದೆ. ಸಿಗರೇಟಿನ ಹೊಗೆ ಇದನ್ನು ಹೆಚ್ಚಿಸುತ್ತದೆ. ಆದ್ದರಿಂದ ಸೇದುವವರಲ್ಲಿ ಮೆಲಟೋನಿನ್ ಇನ್ನೂ ಬೇಗ ಒಡೆದುಹೋಗುತ್ತದೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಹಾಗೆಯೇ ಮಟ್ಟ ಇಳಿಸುತ್ತವೆ. ಅದಕ್ಕೆ ತದ್ವಿರುದ್ಧವಾಗಿ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ, ಸಿಪ್ರೊಫ್ಲಾಕ್ಸಸಿನ್ ತರಹದ ಆ್ಯಂಟಿಬಯಾಟಿಕ್ ಈ ಕಿಣ್ವದ ಕೈ ಕಟ್ಟುತ್ತವೆ, ಮೆಲಟೋನಿನ್ ಮಟ್ಟ ಏರುತ್ತದೆ. ಕಾಫಿಯ ಕೆಫೀನ್ ಒಡೆಯುವುದೂ ಇದೇ ಕಿಣ್ವವೇ. ಎರಡೂ ಒಟ್ಟಿಗೆ ಬಂದರೆ ಮೆಲಟೋನಿನ್ ತನ್ನ ಸರದಿಗೆ ಕಾಯಬೇಕಾಗುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹಾಗೆಂದು ಕಾಫಿ ಕುಡಿದು ಮಾತ್ರೆ ತೆಗೆದುಕೊಂಡರೆ ಒಳ್ಳೆಯದು ಎಂದು ಯಾರೂ ತಿಳಿಯಬೇಡಿ. ಕೆಫೀನ್ ಎಚ್ಚರವಿಡುವುದು ಬೇರೆಯೇ ದಾರಿಯಲ್ಲಿ.

ನಮ್ಮ ಮನೆಯಲ್ಲೇ ನೋಡಿ. ಮಾವನವರು ಸೇದುವವರಲ್ಲ, ವಯಸ್ಸಾಗಿದೆ. ನಾದಿನಿ ಗರ್ಭನಿರೋಧಕ ಗುಳಿಗೆಯಲ್ಲಿದ್ದಾಳೆ. ಅವಳು ವಿದೇಶ ಪ್ರಯಾಣಕ್ಕೆ ಮೆಲಟೋನಿನ್ ಬೇಕೆಂದಾಗ ಅತಿ ಕಡಿಮೆ ಡೋಸಿನದನ್ನೇ ಡಾಕ್ಟರ್ ಹತ್ತಿರ ಕೇಳು ಎಂದೆ. "ಅಪ್ಪಂಗೆ ಎರಡು, ನಂಗ್ಯಾಕೆ ಅರ್ಧ ಅತ್ತಿಗೆ?" ಎಂದು ಕೇಳಿದಳು. ನಿನ್ನ ಲಿವರ್ ಬೇರೆ, ಅವರ ಲಿವರ್ ಬೇರೆ, ನಿನಗೆ ಬೇಕಾಗಿರುವ ಕೆಲಸವೂ ಬೇರೆ ಎಂದೆ.

ಎಲ್ಲಕ್ಕಿಂತ ಗಂಭೀರವಾದದ್ದು ಫ್ಲುವೋಕ್ಸಮಿನ್. ಗೀಳು ಕಾಯಿಲೆಗೆ, ಖಿನ್ನತೆಗೆ ಬರೆಯುವ ಔಷಧ ಅದು. ಸಿವೈಪಿ1ಎ2 ಕಿಣ್ವವನ್ನು ಎಷ್ಟು ಜೋರಾಗಿ ತಡೆಯುತ್ತದೆಂದರೆ, ಜೊತೆಯಲ್ಲಿ ಮೆಲಟೋನಿನ್ ಕೊಟ್ಟಾಗ ಮೈಗೆ ಸಿಗುವ ಒಟ್ಟು ಮೆಲಟೋನಿನ್ 17 ಪಟ್ಟು, ರಕ್ತದಲ್ಲಿ ತುದಿಯ ಮಟ್ಟ 12 ಪಟ್ಟು ಏರಿದ್ದು ದಾಖಲಾಗಿದೆ. ಒಂದು ಸಂಜೆ ಎರಡು ಬೇರೆ ಬೇರೆ ವೈದ್ಯರ ಚೀಟಿ ಹಿಡಿದು ಒಬ್ಬ ತಾಯಿ ಬಂದರು. ಒಂದರಲ್ಲಿ ಮಗನ ಫ್ಲುವೋಕ್ಸಮಿನ್, ಇನ್ನೊಂದರಲ್ಲಿ ನಿದ್ದೆಗೆಂದು ಮೆಲಟೋನಿನ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಮೆಲಟೋನಿನ್ ಸ್ಟ್ರಿಪ್ಪನ್ನು ವಾಪಸ್ ಡ್ರಾಯರಿಗೆ ಹಾಕಿದೆ. "ಅಮ್ಮಾ, ಇದು ಇವತ್ತು ಬೇಡ, ನಾನು ಡಾಕ್ಟರ್ ಹತ್ತಿರ ಮಾತಾಡ್ತೀನಿ, ಹತ್ತು ನಿಮಿಷ ಕೂತ್ಕೊಳ್ಳಿ" ಎಂದೆ. ಫೋನಿನಲ್ಲಿ ವೈದ್ಯರು ಕೂಡಲೇ ಒಪ್ಪಿ ಬದಲಿಸಿದರು. ಎರಡು ಚೀಟಿ ಎರಡು ಅಂಗಡಿಗೆ ಹೋಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೇ ಹೇಳುವುದು, ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದೇ ಕಡೆ ತೋರಿಸಿ.

ಈಗ ಈ ಶೇಕಡಾ 15ರಷ್ಟು ಉಳಿದ ಮೆಲಟೋನಿನ್ ಮಾಡುವ ಕೆಲಸಕ್ಕೆ ಬರೋಣ. ಅದಕ್ಕೆ ಮೈ ತಾನೇ ಮಾಡುವ ಮೆಲಟೋನಿನ್ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಕಣ್ಣಿನ ರೆಟಿನಾದಲ್ಲಿ ನೋಡುವ ಕೆಲಸಕ್ಕಿಂತ ಬೆಳಕಿದೆಯೋ ಇಲ್ಲವೋ ಎಂದು ಅಳೆಯುವ ಕೆಲಸವನ್ನೇ ಮುಖ್ಯವಾಗಿ ಮಾಡುವ ಕೆಲವು ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ನೀಲಿ ಬೆಳಕಿಗೆ ಬಹಳ ಸೂಕ್ಷ್ಮ. ಅಲ್ಲಿಂದ ಸುದ್ದಿ ಮಿದುಳಿನ ತಳದಲ್ಲಿರುವ ಮುಖ್ಯ ಗಡಿಯಾರಕ್ಕೆ, ಅಂದರೆ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಗಡಿಯಾರದಿಂದ, ಮೆಲಟೋನಿನ್ ಮಾಡುವ ಮಿದುಳಿನೊಳಗಿನ ಪೀನಿಯಲ್ ಗ್ರಂಥಿಗೆ ಹೋಗುವ ತಂತಿ ನೇರವಾಗಿಲ್ಲ, ಬೆನ್ನುಹುರಿಗೆ ಇಳಿದು, ಕುತ್ತಿಗೆಯ ಮೇಲ್ಭಾಗದ ನರಗಂಟಿಗೆ ಹೋಗಿ, ಮತ್ತೆ ತಲೆಗೆ ಹತ್ತುತ್ತದೆ. ಕೊನೆಯಲ್ಲಿ ಸುರಿಯುವುದು ನಾರ್‌ಅಡ್ರಿನಲಿನ್, ನರಗಳು ಸುದ್ದಿ ದಾಟಿಸಲು ಬಳಸುವ ವಸ್ತು. ಅದು ಬಿದ್ದ ಮೇಲೆ ಪೀನಿಯಲ್ ಕೋಶಗಳು ಊಟದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್‌ನಿಂದ ಮಾಡಿದ ಸೆರಟೋನಿನ್ನನ್ನು ಎರಡು ಹೆಜ್ಜೆಯಲ್ಲಿ ಮೆಲಟೋನಿನ್ ಮಾಡುತ್ತವೆ. ಬೀಟಾ ಬ್ಲಾಕರ್ ಬಿಪಿ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ನಿದ್ದೆ ಕೆಡುವುದರ ಒಂದು ಕಾರಣ ಇಲ್ಲಿದೆ. ಆ ಮಾತ್ರೆ ನಾರ್‌ಅಡ್ರಿನಲಿನ್ ಕೂರುವ ಜಾಗವನ್ನೇ ಮುಚ್ಚುತ್ತದೆ, ರಾತ್ರಿಯ ಮೆಲಟೋನಿನ್ ಕಡಿಮೆಯಾಗುತ್ತದೆ.

ಪೀನಿಯಲ್ ಇದನ್ನು ಕೂಡಿಡುವುದಿಲ್ಲ, ಮಾಡಿದ ಹಾಗೇ ರಕ್ತಕ್ಕೆ ಬಿಡುತ್ತದೆ. ಲಿವರ್ ಬೇಗ ಒಡೆಯುವುದರ ಪ್ರಯೋಜನವೂ ಇಲ್ಲೇ ಇದೆ. ಕತ್ತಲಾದಾಗ ಏರುತ್ತದೆ, ಬೆಳಗಾದಾಗ ಮುಕ್ಕಾಲು ಗಂಟೆಗೆ ಅರ್ಧದಂತೆ ಇಳಿದು ರಕ್ತ ತೊಳೆದ ಹಾಗಾಗುತ್ತದೆ. ನಿಧಾನವಾಗಿ ಒಡೆಯುವ ವಸ್ತುವಾಗಿದ್ದರೆ ರಾತ್ರಿ ಯಾವಾಗ ಮುಗಿಯಿತು ಎಂಬ ಸುದ್ದಿಯೇ ಮೈಗೆ ಸಿಗುತ್ತಿರಲಿಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆರನ್ ಲರ್ನರ್ ಮತ್ತು ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಯಿಂದ ಇದನ್ನು ಮೊದಲು ಬೇರ್ಪಡಿಸಿದರು. ಲರ್ನರ್ ಚರ್ಮರೋಗ ತಜ್ಞರು, ಅವರು ಹುಡುಕುತ್ತಿದ್ದದ್ದು ಚರ್ಮದ ಬಣ್ಣ ಬದಲಿಸುವ ವಸ್ತು. ಕಪ್ಪೆಯ ಚರ್ಮವನ್ನು ತಿಳಿಯಾಗಿಸುವ ಗುಣದಿಂದಲೇ ಅದನ್ನು ಪತ್ತೆ ಹಚ್ಚಿದ್ದು. ನಿದ್ದೆಯ ಸಂಬಂಧ ಬೆಳೆದದ್ದು ಆಮೇಲೆ. ಅದು ಹೋಗಿ ಕೂರುವ ಗ್ರಾಹಕಗಳ (ಕೋಶದ ಮೇಲೆ ಅದರ ಸುದ್ದಿ ಹಿಡಿಯುವ ಜಾಗಗಳ) ವಂಶವಾಹಿಗಳು ಕೈಗೆ ಸಿಕ್ಕಿದ್ದು 1994 ಮತ್ತು 1995ರಲ್ಲಿ, ಈಗ ಅವನ್ನು ಎಂಟಿ1, ಎಂಟಿ2 ಎನ್ನುತ್ತಾರೆ. ಎರಡೂ ಮುಖ್ಯ ಗಡಿಯಾರದಲ್ಲಿವೆ. ಎಂಟಿ1 ಮೇಲೆ ಮೆಲಟೋನಿನ್ ಕೂತಾಗ ಗಡಿಯಾರದ ನರಕೋಶಗಳ ಚಟುವಟಿಕೆ ತಗ್ಗುತ್ತದೆ, ಎಚ್ಚರದ ಒತ್ತಡ ಇಳಿಯುತ್ತದೆ. ಗಡಿಯಾರದ ಮುಳ್ಳನ್ನು ಹಿಂದೆ ಮುಂದೆ ಸರಿಸುವುದರಲ್ಲಿ ಎಂಟಿ2ಗೆ ದೊಡ್ಡ ಪಾತ್ರವಿದೆ.

ಬೆಂಜೋಡಯಜೆಪಿನ್ ಜಾತಿಯ ನಿದ್ದೆ ಮಾತ್ರೆಗಳು ನರಗಳ ಚಟುವಟಿಕೆ ತಗ್ಗಿಸುವ, ಇಡೀ ಮಿದುಳಿನ ಗಾಬಾ ವ್ಯವಸ್ಥೆಯನ್ನು ಹಿಡಿದು ಒತ್ತುತ್ತವೆ. ಮೆಲಟೋನಿನ್ ಹಾಗಲ್ಲ. ಅದು "ರಾತ್ರಿ ಶುರುವಾಗಿದೆ" ಎಂದು ತಿಳಿಸುತ್ತದೆ, ಮಿಕ್ಕಿದ್ದನ್ನು ಮೈ ಮಾಡಿಕೊಳ್ಳಬೇಕು. ಅದರ ಒಂದು ಗುರುತು ನನ್ನ ಮೈಯಲ್ಲೇ ಕಂಡಿದ್ದೇನೆ. ಮಾತ್ರೆ ತೆಗೆದುಕೊಂಡು ಸ್ವಲ್ಪ ಹೊತ್ತಿಗೆ ಅಂಗಾಲು ಬೆಚ್ಚಗಾಗುತ್ತದೆ, ಆಮೇಲೆ ಅಂಗೈ. ಕೈಕಾಲಿನ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ, ಮೈಯ ಒಳತಾಪಮಾನ ಸ್ವಲ್ಪ ಇಳಿಯುತ್ತದೆ. ಆ ಇಳಿತವೇ ನಿದ್ದೆಗೆ ದಾರಿ. ಈ ಹೊತ್ತಿನಲ್ಲಿ ಪ್ರಖರವಾದ ಟ್ಯೂಬ್‌ಲೈಟ್ ಕೆಳಗೆ ಕೂತು ಫೋನ್ ನೋಡುತ್ತಿದ್ದರೆ ಏನಾಗುತ್ತದೆ? ಮಾತ್ರೆಯ ಮೆಲಟೋನಿನ್ ಬೆಳಕಿಗೆ ಅಳಿಯುವುದಿಲ್ಲ, ಆದರೆ ನಿಮ್ಮದೇ ಪೀನಿಯಲ್ ಮುಚ್ಚಿಕೊಳ್ಳುತ್ತದೆ. ಗಡಿಯಾರಕ್ಕೆ ಕಣ್ಣಿನಿಂದ ಒಂದು ಸುದ್ದಿ, ರಕ್ತದಿಂದ ಅದಕ್ಕೆ ವಿರುದ್ಧವಾದ ಇನ್ನೊಂದು ಸುದ್ದಿ. ಬೆಳಕಿನ ಬಗ್ಗೆ ಈ ಡಬ್ಬಿಯಲ್ಲಾಗಲಿ ಚೀಟಿಯಲ್ಲಾಗಲಿ ಒಂದಕ್ಷರವೂ ಇಲ್ಲ. ಎರಡನೇ ದೂರು.

ಗಡಿಯಾರ ಸರಿಸುವ ಕೆಲಸಕ್ಕೆ ನಿಧಾನದ ಮಾತ್ರೆ ಬೇಕಿಲ್ಲ, ನನ್ನ ಅನುಭವವೂ ಅದೇ. ರಾತ್ರಿ ಪಾಳಿಯಿಂದ ಹಗಲು ಪಾಳಿಗೆ ಬರುವಾಗ ನಿದ್ದೆಯ ಹೊತ್ತನ್ನು ಹಿಂದಕ್ಕೆ, ಅಂದರೆ ಬೇಗ ಬರುವಂತೆ, ಎಳೆಯಬೇಕು. ಅದಕ್ಕೆ ಮಲಗುವುದಕ್ಕೆ ಕೆಲವು ಗಂಟೆ ಮೊದಲೇ, ಸಂಜೆಯಲ್ಲಿ, ಅರ್ಧ ಮಿಲಿಗ್ರಾಂ ಸಾದಾ ಮಾತ್ರೆ ಸಾಕು. ಸಂಜೆ ತೆಗೆದುಕೊಂಡ ಮೆಲಟೋನಿನ್ ಗಡಿಯಾರವನ್ನು ಬೇಗ ಮಾಡುತ್ತದೆ, ಬೆಳಿಗ್ಗೆ ತೆಗೆದುಕೊಂಡರೆ ತಡ ಮಾಡುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಾಯಿತೆಂದು ಇನ್ನೊಂದು ನುಂಗುವವರು ಗಡಿಯಾರವನ್ನು ತಪ್ಪು ದಿಕ್ಕಿಗೆ ತಳ್ಳುತ್ತಿರಬಹುದು. ಬೆಳಕೇ ಕಾಣದ ಅಂಧರಲ್ಲಿ ಗಡಿಯಾರ ದಿನದಿನಕ್ಕೆ ಜಾರುತ್ತಾ ಹೋಗುತ್ತದೆ. ಅಂಥವರಿಗೆ ಮೆಲಟೋನಿನ್ ಕೊಟ್ಟು ಇಪ್ಪತ್ತನಾಲ್ಕು ಗಂಟೆಯ ದಿನಕ್ಕೆ ಕೂರಿಸಬಹುದು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೆಲಟೋನಿನ್ ನಿಜವಾಗಿ ಏನು ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಅದೇ.

"ಮೇಡಂ, ಹತ್ತು ಎಂಜಿ ಇದ್ರೆ ಕೊಡಿ, ಮೂರು ಏನೂ ಮಾಡ್ತಿಲ್ಲ" ಎಂದು ಬಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ರಾತ್ರಿ ನಿನ್ನ ಮೈ ತಾನೇ ಮಾಡುವ ಮೆಲಟೋನಿನ್ ರಕ್ತದಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ ನೂರು ಪಿಕೋಗ್ರಾಂ (ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ) ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಎರಡು ಮಿಲಿಗ್ರಾಂ ನಿಧಾನದ ಮಾತ್ರೆಯೇ ಸಾವಿರದ ಹತ್ತಿರ ಮುಟ್ಟಿಸುತ್ತದೆ. ಗ್ರಾಹಕಗಳು ತುಂಬಿದ ಮೇಲೆ ಇನ್ನೆಷ್ಟು ಸುರಿದರೂ ಅವು ಅಷ್ಟೇ. ಹೆಚ್ಚಾದದ್ದು ಒಡೆಯಲು ಸಮಯ ಹಿಡಿಯುತ್ತದೆ, ಬೆಳಗಿನವರೆಗೂ ಉಳಿದರೆ ತಲೆ ಭಾರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ವುರ್ಟ್‌ಮನ್ ತಂಡ ಹಿರಿಯರ ಮೇಲೆ ಮಾಡಿದ, 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 0.3 ಮಿಲಿಗ್ರಾಂ ಚೆನ್ನಾಗಿ ಕೆಲಸ ಮಾಡಿತು. 3 ಮಿಲಿಗ್ರಾಂ ಕೊಟ್ಟವರಲ್ಲಿ ಮೈ ತಾಪಮಾನ ಬೇಡದಷ್ಟು ಇಳಿಯಿತು, ಹಗಲಿನಲ್ಲೂ ಮೆಲಟೋನಿನ್ ಮಟ್ಟ ಎತ್ತರದಲ್ಲೇ ಉಳಿಯಿತು. ಹುಡುಗ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಿದ್ದಾನೆ ಎಂದು ಕೇಳಿದರೆ, ಹಾಸಿಗೆಗೆ ಬಿದ್ದು ಒಂದು ಗಂಟೆ ಹೊರಳಾಡಿದ ಮೇಲೆ. ಹೊತ್ತು ಬದಲಿಸು, ಡೋಸ್ ಬೇಡ ಎಂದು ಕಳಿಸಿದೆ.

ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು ಎನ್ನುವುದನ್ನೂ ನೇರವಾಗಿ ಹೇಳಬೇಕು. 2013ರಲ್ಲಿ 19 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮೆಲಟೋನಿನ್ ತೆಗೆದುಕೊಂಡವರಿಗೆ ಸರಾಸರಿ 7 ನಿಮಿಷ ಬೇಗ ನಿದ್ದೆ ಬಂತು, ಒಟ್ಟು ನಿದ್ದೆ ಸುಮಾರು 8 ನಿಮಿಷ ಹೆಚ್ಚಿತು. 2017ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ, ವಯಸ್ಕರ ನಿದ್ರಾಹೀನತೆಗೆ ಮೆಲಟೋನಿನ್ ಬಳಸದಿರುವುದೇ ಲೇಸು ಎಂದು ಸೂಚಿಸಿತು, ಪುರಾವೆ ದುರ್ಬಲ ಎಂಬ ಮಾತಿನೊಂದಿಗೆ. ಅದೇ ಅಕಾಡೆಮಿ 2015ರಲ್ಲಿ, ಗಡಿಯಾರ ತಡವಾಗಿ ಓಡುವವರಿಗೆ ಹೊತ್ತು ನೋಡಿ ಕೊಡುವ ಮೆಲಟೋನಿನ್ ಒಳ್ಳೆಯದು ಎಂದಿತ್ತು. ಯುರೋಪಿನಲ್ಲಿ 2 ಎಂಜಿ ನಿಧಾನದ ಮಾತ್ರೆಗೆ 2007ರಲ್ಲಿ ಅನುಮತಿ ಸಿಕ್ಕಿದ್ದು ಐವತ್ತೈದು ಮತ್ತು ಅದಕ್ಕೆ ಮೇಲ್ಪಟ್ಟವರಿಗೆ, ಅದೂ ಹದಿಮೂರು ವಾರಗಳ ಮಿತಿಯಲ್ಲಿ. ಇವೆಲ್ಲ ಒಂದಕ್ಕೊಂದು ವಿರೋಧ ಎಂದು ನನಗೆ ಅನ್ನಿಸುವುದಿಲ್ಲ. ಗಡಿಯಾರ ಕೆಟ್ಟವರಿಗೆ, ವಯಸ್ಸಿನಿಂದ ತಮ್ಮದೇ ಮೆಲಟೋನಿನ್ ಇಳಿದವರಿಗೆ ಇದು ಉಪಯೋಗ. ಚಿಂತೆಯಿಂದ, ನೋವಿನಿಂದ, ಉಸಿರು ಕಟ್ಟುವುದರಿಂದ ನಿದ್ದೆ ಕೆಟ್ಟವರಿಗೆ ರಾತ್ರಿಯಾಯಿತೆಂದು ಹೇಳಿ ಏನು ಪ್ರಯೋಜನ?

ಗಮ್ಮಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಾನು ಶಿಫಾರಸು ಮಾಡುವುದೂ ಇಲ್ಲ. 2017ರಲ್ಲಿ ಕೆನಡಾದ ಸಂಶೋಧಕರು 31 ಮೆಲಟೋನಿನ್ ಪೂರಕಗಳನ್ನು ಪರೀಕ್ಷಿಸಿದಾಗ, ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಶೇಕಡಾ 83 ಕಡಿಮೆಯಿಂದ ಹಿಡಿದು ಶೇಕಡಾ 478 ಹೆಚ್ಚಿನವರೆಗೂ ಇತ್ತು. ಎಂಟರಲ್ಲಿ ಸೆರಟೋನಿನ್ ಸಿಕ್ಕಿತು. 2023ರಲ್ಲಿ ಅಮೆರಿಕದಲ್ಲಿ 25 ಗಮ್ಮಿಗಳನ್ನು ನೋಡಿದರೆ 22ರ ಲೇಬಲ್ ಸರಿಯಿರಲಿಲ್ಲ, ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಲಿವರ್ ಶೇಕಡಾ 15 ಉಳಿಸುತ್ತದೋ 30 ಉಳಿಸುತ್ತದೋ ಎಂದು ನಾವು ಲೆಕ್ಕ ಹಾಕುತ್ತಿರುವಾಗ, ನುಂಗಿದ್ದೇ ಎಷ್ಟೆಂದು ಗೊತ್ತಿಲ್ಲದಿದ್ದರೆ ಎಲ್ಲ ಲೆಕ್ಕವೂ ವ್ಯರ್ಥ. ಅಲ್ಲದೆ ಅದು ಮಕ್ಕಳ ಕಣ್ಣಿಗೆ ಮಿಠಾಯಿ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಮಕ್ಕಳು ಮೆಲಟೋನಿನ್ ತಿಂದ ಪ್ರಕರಣಗಳ ಕರೆ 2012ರಿಂದ 2021ರ ಹೊತ್ತಿಗೆ ಶೇಕಡಾ 530 ಏರಿತು. ನಿಧಾನದ ಮಾತ್ರೆ ಸ್ಟ್ರಿಪ್ಪಿನಲ್ಲಿ ಒಂದೊಂದಾಗಿ ಬರುವುದು ನನಗೆ ಸಮಾಧಾನ. ಫಾಯಿಲ್ ಸ್ವಲ್ಪ ಗಟ್ಟಿ, ಮಾವನವರ ಹೆಬ್ಬೆರಳಿಗೆ ಒತ್ತಲು ಕಷ್ಟ, ನಾನೇ ತೆಗೆದುಕೊಡುತ್ತೇನೆ. ಆ ಕಷ್ಟ ಇರಲಿ.

ಊಟದ ವಿಷಯದಲ್ಲಿ ಒಂದು ತೊಡಕಿದೆ. ಮೆಲಟೋನಿನ್ ಗ್ರಾಹಕಗಳು ಮೇದೋಜೀರಕ ಗ್ರಂಥಿಯಲ್ಲೂ ಇವೆ. ರಕ್ತದಲ್ಲಿ ಮೆಲಟೋನಿನ್ ಹೆಚ್ಚಿರುವಾಗ ಹೊಟ್ಟೆ ತುಂಬ ತಿಂದರೆ ಇನ್ಸುಲಿನ್ ಸ್ರಾವ ಕುಂದಿ ಸಕ್ಕರೆ ಏರಬಹುದು. ಎಂಟಿ2 ವಂಶವಾಹಿಯ ಒಂದು ಸಾಮಾನ್ಯ ರೂಪ ಇರುವವರಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ. ಮಾತ್ರೆಗೆ ಊಟ ಬೇಕು, ಊಟಕ್ಕೆ ಮಾತ್ರೆ ಆಗದು. ನಾವು ಮನೆಯಲ್ಲಿ ಕಂಡುಕೊಂಡ ದಾರಿ, ರಾತ್ರಿಯೂಟ ಬೇಗ ಮುಗಿಸಿ, ಆಮೇಲೆ ಮಾತ್ರೆ, ಅದಾದ ಮೇಲೆ ಏನೂ ತಿನ್ನದಿರುವುದು. ಸಕ್ಕರೆ ಕಾಯಿಲೆ ಇರುವವರು ಇದನ್ನು ತಮ್ಮ ಡಾಕ್ಟರ್ ಹತ್ತಿರ ಕೇಳಲೇಬೇಕು.

ಲಿವರ್ ಕಾಯಿಲೆ ಇರುವವರಿಗೆ ನಾನು ಇದನ್ನು ಕೇಳಿದ ಮಾತ್ರಕ್ಕೆ ಕೊಡುವುದಿಲ್ಲ. ಒಡೆಯುವ ಜಾಗವೇ ದುರ್ಬಲವಾಗಿರುವಾಗ ಹಗಲಿನಲ್ಲೂ ಮಟ್ಟ ಇಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು, ಸ್ವಯಂನಿರೋಧಕ (ಆಟೋಇಮ್ಯೂನ್) ಕಾಯಿಲೆಯವರು, ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರ ಮಾತಿಲ್ಲದೆ ಮುಟ್ಟಬಾರದು. ಕುಡಿದ ರಾತ್ರಿ ಬೇಡವೇ ಬೇಡ. ಮಾತ್ರೆ ತೆಗೆದುಕೊಂಡ ಮೇಲೆ ಗಾಡಿ ಓಡಿಸಬೇಡಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಚೀಟಿಯದ್ದು. ಮಾತ್ರೆಯ ಮೇಲೆ ದೂರಿಲ್ಲ. ಕೊಂಡವರು ಸ್ಟ್ರಿಪ್ಪನ್ನು ಅದರ ಡಬ್ಬಿಯಲ್ಲೇ ಇಡಿ, ವಾರದ ಮಾತ್ರೆ ಹಾಕಿಡುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗೆ ಬಿಡಿಸಿ ಹಾಕಬೇಡಿ, ಏಕೆಂದರೆ ಈ ಔಷಧವನ್ನು ಬೆಳಕಿನಿಂದ ಕಾಪಾಡಬೇಕು, 25 ಡಿಗ್ರಿಗಿಂತ ಕೆಳಗೆ ಇಡಬೇಕು. ಹದಿಮೂರು ವಾರ ಮುಗಿಯುವ ತಾರೀಖನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ಆ ದಿನ ಬಂದಾಗ ಇನ್ನೊಂದು ಡಬ್ಬಿ ಕೊಳ್ಳುವ ಮೊದಲು ಡಾಕ್ಟರನ್ನು ನೋಡಿ.